‘ಕಂಡುಬಂದಿಲ್ಲ’ ಎಂದರೆ ‘ಇಲ್ಲ’ವೇ?

ಮಲ್ಟಿಪಲ್ ಮೈಲೋಮ ಅಸ್ಥಿಮಜ್ಜೆಯ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್. ರೋಗಗ್ರಸ್ತ ಕೋಶಗಳೆಲ್ಲ ಒಂದೇ ಮೂಲದವು. ಆದ್ದರಿಂದ ಸಾಮಾನ್ಯವಾಗಿ ಒಂದೇ ಬಗೆಯ ಪ್ರತಿಕಾಯವನ್ನು ರಕ್ತಕ್ಕೆ ಸುರಿಯುತ್ತವೆ. ರಕ್ತರಸವನ್ನು ಜೆಲ್ ಮೇಲಿಟ್ಟು ವಿದ್ಯುತ್ ಕ್ಷೇತ್ರಕ್ಕೆ ಒಡ್ಡಿದಾಗ ಆ ಪ್ರೋಟೀನು ಒಂದೇ ವೇಗದಲ್ಲಿ ಸಾಗಿ ಚೂಪಾದ ‘ಎಂ ಪಟ್ಟಿ’ಯಾಗಿ ನಿಲ್ಲುತ್ತದೆ. ಪಾಠಗಳು ಬಹುತೇಕ ಇಲ್ಲಿಗೇ ಮುಗಿಯುತ್ತವೆ. ಆಕ್ಷೇಪಣೆ ಇರುವುದೂ ಇಲ್ಲಿಯೇ.

ಪಟ್ಟಿ ಕಾಣದಿದ್ದರೆ ರೋಗವಿಲ್ಲ ಎನ್ನಬಹುದೇ? ಐಜಿಡಿ ಬಗೆಯ ಮೈಲೋಮ ನೂರರಲ್ಲಿ ಒಬ್ಬಿಬ್ಬರಿಗೆ ಬರುವಂಥದು. ಅದರ ಪ್ರೋಟೀನಿನ ಪ್ರಮಾಣ ಕಡಿಮೆ. ಪಟ್ಟಿ ಇತರ ಪ್ರೋಟೀನುಗಳ ಅಡಿಯಲ್ಲಿ ಅಡಗಬಹುದು. ಐಜಿಇ ಬಗೆ ಇನ್ನೂ ವಿರಳ. ಲಘು ಸರಪಳಿ ಬಗೆಯಲ್ಲಿ ಪ್ರೋಟೀನಿನ ಚಿಕ್ಕ ತುಣುಕುಗಳು ಮೂತ್ರಕ್ಕೆ ಸೋರಿಹೋಗುತ್ತವೆ. ಸ್ರವಿಸದ ಬಗೆಯಲ್ಲಿ ರಕ್ತದಲ್ಲೂ ಮೂತ್ರದಲ್ಲೂ ಎಂ ಪ್ರೋಟೀನು ಸಿಗುವುದಿಲ್ಲ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ‘ಸ್ರವಿಸದ’ ಎಂದು ಗುರುತಿಸಿದ್ದ 28 ರೋಗಿಗಳ ಪೈಕಿ 19 ಮಂದಿಯಲ್ಲಿ ಹೊಸ ಮುಕ್ತ ಲಘು ಸರಪಳಿ ಪರೀಕ್ಷೆ ವ್ಯತ್ಯಾಸವನ್ನು ಪತ್ತೆಹಚ್ಚಿತು. ಅವರಲ್ಲಿ ಕೊರತೆ ಇದ್ದುದು ಪ್ರೋಟೀನಿಗಲ್ಲ, ಉಪಕರಣದ ಸಂವೇದನೆಗೆ!

ಮುಂದಿನ ಹಂತ ಇಮ್ಯುನೊಫಿಕ್ಸೇಷನ್. ಸಾಮಾನ್ಯ ಕಿಟ್‌ನಲ್ಲಿ ಐಜಿಜಿ, ಐಜಿಎ, ಐಜಿಎಂ, ಕಪ್ಪಾ, ಲ್ಯಾಂಬ್ಡಾ ವಿರುದ್ಧದ ಸೀರಮ್‌ಗಳಿರುತ್ತವೆ. ಲ್ಯಾಂಬ್ಡಾ ಒಂದೇ ಕಂಡಾಗ ‘ಲಘು ಸರಪಳಿ ಮೈಲೋಮ’ ಎಂದು ಬರೆದು ಮುಗಿಸಿದರೆ ಐಜಿಡಿ ಕೈತಪ್ಪುತ್ತದೆ. ನೆಫೆಲೋಮೆಟ್ರಿಯಲ್ಲಿ ಇನ್ನೊಂದು ತೊಡಕು. ಅದು ಅಳೆಯುವುದು ಪ್ರತಿಜನಕ–ಪ್ರತಿಕಾಯ ಸಂಕೀರ್ಣಗಳು ಚದುರಿಸುವ ಬೆಳಕನ್ನು. ಪ್ರತಿಜನಕ ಮಿತಿಮೀರಿದಾಗ ದೊಡ್ಡ ಸಂಕೀರ್ಣಗಳು ಕಟ್ಟಿಕೊಳ್ಳವು, ಬೆಳಕಿನ ಚದುರಿಕೆ ಕುಗ್ಗುತ್ತದೆ. ಬಹಳ ಹೆಚ್ಚಿರುವುದು ಕಡಿಮೆಯೆಂದು ತೋರುತ್ತದೆ. ಮಾದರಿಯನ್ನು ದುರ್ಬಲಗೊಳಿಸಿ ಮತ್ತೆ ಅಳೆಯುವುದೇ ಪರಿಹಾರ.

2014ರ ಅಂತರರಾಷ್ಟ್ರೀಯ ಮಾನದಂಡಗಳು ಎಂ ಪ್ರೋಟೀನನ್ನು ಕಡ್ಡಾಯ ಮಾಡಿಲ್ಲ. ಮಜ್ಜೆಯಲ್ಲಿ ಒಂದೇ ಮೂಲದ ಪ್ಲಾಸ್ಮಾ ಕೋಶಗಳು ಶೇ. 10 ಅಥವಾ ಹೆಚ್ಚಿದ್ದು, ಜೊತೆಗೆ ಅಂಗಹಾನಿಯ ಇಲ್ಲವೇ ನಿಗದಿತ ಸೂಚಕಗಳ ಪುರಾವೆ ಇರಬೇಕು. ಇದು ಮೆಚ್ಚತಕ್ಕ ನಿಲುವು. ಆದರೆ ಆ ಸೂಚಕಗಳಲ್ಲಿ ಲಘು ಸರಪಳಿ ಅನುಪಾತ, ಎಂಆರ್‌ಐ ಸೇರಿವೆ. ಯಾದಗಿರಿ, ಶಹಾಪುರ, ಸುರಪುರಗಳ ಕಡೆಯಿಂದ ಓದಿದರೆ ಮಾನದಂಡ ಪ್ರಾರಂಭವಾಗುವ ಮೊದಲೇ ಒಂದು ಹಂತ ಬಾಕಿಯಿದೆ: ಸಂಶಯ ಮೂಡುವುದು. ಈ ಜಿಲ್ಲೆಯ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಮೂಳೆನೋವನ್ನು ನೀರಿನ ಲೆಕ್ಕಕ್ಕೆ, ಸುಸ್ತನ್ನು ರಕ್ತಹೀನತೆಯ ಲೆಕ್ಕಕ್ಕೆ ಬರೆದುಬಿಡುವುದು ಸುಲಭ. ವಿರಳ ಬಗೆಗಳಲ್ಲಿ ಇಎಸ್‌ಆರ್ ಏರಲೇಬೇಕೆಂದಿಲ್ಲ.

ತಾಲ್ಲೂಕು ಮಟ್ಟದಲ್ಲೂ ಮಾಡಬಹುದಾದ ಒಂದು ಅಗ್ಗದ ಪರೀಕ್ಷೆಯನ್ನು ಗಮನಿಸಿ. ಮೂತ್ರದಲ್ಲಿ ಅದ್ದುವ ಕಾಗದದ ಪಟ್ಟಿ ಮುಖ್ಯವಾಗಿ ಆಲ್ಬುಮಿನ್ನನ್ನು ಗುರುತಿಸುತ್ತದೆ, ಲಘು ಸರಪಳಿಯನ್ನಲ್ಲ. ಪಟ್ಟಿ ಬಣ್ಣ ಬದಲಿಸದಿದ್ದರೂ ಅದೇ ಮೂತ್ರ ಸಲ್ಫೋಸ್ಯಾಲಿಸಿಲಿಕ್ ಆಮ್ಲದೊಡನೆ ಬೆಳ್ಳಗೆ ಕದಡಿದರೆ, ರೋಗಿಯನ್ನು ಮುಂದಿನ ತಪಾಸಣೆಗೆ ಕಳುಹಿಸಲು ಕಾರಣ ಸಿಕ್ಕಿತು. ಇದು ರೋಗನಿರ್ಣಯವಲ್ಲ, ಸುಳಿವು ಮಾತ್ರ.

ಅಧ್ಯಾಪಕ ಮಿತ್ರರೇ, ವಿದ್ಯುತ್ಸರಣ ಕಲಿಸುವಾಗ ಎಂ ಪಟ್ಟಿಯ ಚಿತ್ರದ ಪಕ್ಕದಲ್ಲಿ ಪಟ್ಟಿಯೇ ಇಲ್ಲದ ಚಿತ್ರವನ್ನೂ ಬರೆಯಿರಿ. ‘ಈತನಿಗೆ ರೋಗವಿಲ್ಲವೆಂದು ಹೇಳಬಲ್ಲಿರಾ?’ ಎಂದು ಕೇಳಿ. ಪ್ರತಿ ಉಪಕರಣಕ್ಕೂ ಕಾಣುವ ಮಿತಿಯೊಂದಿದೆ. ಆ ಮಿತಿಯನ್ನು ವರದಿಯಲ್ಲಿ ಬರೆಯದಿದ್ದರೆ ಅದರ ಬೆಲೆ ತೆರುವವನು ರೋಗಿ.