ಆ ಮೂಗು ಕೆಂಪಲ್ಲ

ಮುಸೋರ್ಗ್‌ಸ್ಕಿಯ ಮೂಗೊಂದಕ್ಕೇ ನನ್ನ ಮೂರು ಭಾನುವಾರ ಹೋದವು. ಇಲ್ಯಾ ರೆಪಿನ್‌ಗೆ ಇಡೀ ಭಾವಚಿತ್ರಕ್ಕೆ ಸಾಕಾದದ್ದು ನಾಲ್ಕು ದಿನ.

1881ರ ಮಾರ್ಚ್, ಸೇಂಟ್ ಪೀಟರ್ಸ್‌ಬರ್ಗಿನ ಸೇನಾ ಆಸ್ಪತ್ರೆ. ಈಸೆಲ್ ಇಲ್ಲ, ಮೇಜೊಂದನ್ನೇ ಆಸರೆ ಮಾಡಿಕೊಂಡು ರೆಪಿನ್ ಬರೆಯಲು ಕುಳಿತ. ಎದುರಿಗೆ ಕುಡಿತ ಹಣ್ಣು ಮಾಡಿದ್ದ ಗೆಳೆಯ ಮುಸೋರ್ಗ್‌ಸ್ಕಿ: ಕೆದರಿದ ಕೂದಲು, ಕಡುಗೆಂಪು ಅಂಚಿನ ಹಸಿರು ನಿಲುವಂಗಿ, ಒಳಗೆ ಕಸೂತಿಯ ಅಂಗಿ. ಅದೇ ತಿಂಗಳು, 42 ತುಂಬಿದ ವಾರಕ್ಕೆ ಆ ಸಂಗೀತ ಸಂಯೋಜಕ ತೀರಿಕೊಂಡ. ಚಿತ್ರವನ್ನು ಪಾವೆಲ್ ತ್ರೆತ್ಯಾಕೋವ್ ಕೊಂಡ. ಮಾಸ್ಕೋದ ಅವನ ಗ್ಯಾಲರಿಯಲ್ಲೇ ಈಗಲೂ ಇದೆ. ಬಂದ ಹಣವನ್ನು ರೆಪಿನ್ ಗೆಳೆಯನ ಸ್ಮಾರಕಕ್ಕೆ ಕೊಟ್ಟುಬಿಟ್ಟ.

ಅದನ್ನು ನಕಲು ಮಾಡುತ್ತಿರುವ ನನ್ನ ಎದುರಿಗಿರುವುದು ಪುಸ್ತಕದ ಮುದ್ರಣ. ಕ್ಯಾನ್ವಾಸ್ ಮೂಲಕ್ಕಿಂತ ಚಿಕ್ಕದು. (ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಕುಳಿತು ನಕಲು ಮಾಡುವವರಿಗೂ ಮೂಲದ ಅಳತೆ ನಿಷಿದ್ಧ, ನಕಲು ಅಸಲಾಗಿ ಮಾರಾಟವಾಗಬಾರದಲ್ಲ!) ಮೊದಲ ಪದರಕ್ಕೆ ಟರ್ಪೆಂಟೈನಿನಲ್ಲಿ ತೆಳುವಾಗಿಸಿದ ಕಂದು. ಮೇಲಕ್ಕೆ ಹೋದಂತೆ ಅಗಸೆ ಎಣ್ಣೆ ಹೆಚ್ಚಬೇಕು. ತಿರುಗುಮುರುಗಾದರೆ ಮೇಲಿನದು ಮೊದಲು ಒಣಗಿ, ಅಡಿಯದು ಆಮೇಲೆ ಅಲುಗಾಡಿ, ಬಿರುಕು ಬಿಡುತ್ತದೆ. ಇಷ್ಟನ್ನು ಯಾವ ಪುಸ್ತಕವೂ ಹೇಳೀತು.

ಮೂಗಿನದು ಬೇರೆ ಕಥೆ. ಅದು ಕೆಂಪೆಂದು ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಕ್ಯಾಡ್ಮಿಯಂ ಕೆಂಪನ್ನು ಟ್ಯೂಬಿನಿಂದ ಹಿಂಡಿ ಹಚ್ಚಿದೆ. ಕಾಫಿ ತಂದ ಹೆಂಡತಿ, "ಇದೇನ್ರೀ, ಇವರಿಗೆ ನೆಗಡಿಯಾ?" ಎಂದಳು. ಬಟ್ಟೆಯಲ್ಲಿ ಒರೆಸಿದೆ. ಇನ್ನೊಂದು ಭಾನುವಾರ ಗುಲಾಬಿ ಬೆರೆಸಿದೆ, ಮತ್ತೆ ಒರೆಸಿದೆ. ಕೊನೆಗೆ ಬೂದು ರಟ್ಟಿನಲ್ಲಿ ಕಡಲೆಕಾಳಿನಷ್ಟು ತೂತು ಮಾಡಿ, ಮುದ್ರಣದ ಮೂಗಿನ ಮೇಲಿಟ್ಟು ನೋಡಿದೆ. ತೂತಿನಲ್ಲಿ ಕಂಡದ್ದು ಮಂಕಾದ ಇಟ್ಟಿಗೆ ಬಣ್ಣ! ರಟ್ಟನ್ನು ಕೆನ್ನೆಗೆ ಸರಿಸಿದರೆ ಹಸಿರು ಛಾಯೆಯ ಬೂದು. ಆ ಬೂದಿನ ನೆರೆಯಲ್ಲಿ, ಕೆಳಗಿನ ಹಸಿರು ನಿಲುವಂಗಿಯ ಸಹವಾಸದಲ್ಲಿ ಇಟ್ಟಿಗೆ ಬಣ್ಣವೇ ಉರಿಯುವ ಕೆಂಪಾಗಿತ್ತು. ಮುದ್ರಣದ ಬಣ್ಣವನ್ನು ಪೂರ್ತಿ ನಂಬುವಂತಿಲ್ಲ, ನಿಜ. ಆದರೆ ನೆರೆಹೊರೆಯ ಸಂಬಂಧ ಅಷ್ಟು ಸುಲಭವಾಗಿ ಕೆಡುವುದಿಲ್ಲ. ಮೂರನೆಯ ಭಾನುವಾರ ಮೂಗನ್ನು ಮುಟ್ಟದೆ ಕೆನ್ನೆಯನ್ನು ತಿದ್ದಿದೆ.

ನಕಲು ಎಂದರೆ ಮೂಗು ಮುರಿಯುವವರಿದ್ದಾರೆ. ಆದರೆ ಕಲಿಯಲು ಬೇರೆ ದಾರಿ ಎಲ್ಲರಿಗೂ ಇರುವುದಿಲ್ಲ. ತಿರುವನಂತಪುರದ ಅರಮನೆಯಲ್ಲಿ ಚಿತ್ರಕಾರ ಥಿಯೋಡೋರ್ ಜೆನ್ಸನ್ ಬರೆಯುವುದನ್ನು ನೋಡುವ ಅವಕಾಶ ಎಳೆಯ ರವಿವರ್ಮನಿಗೆ ಸಿಕ್ಕಿತ್ತು. ಹೇಳಿಕೊಡದಿದ್ದರೂ ಆ ಕೈಯಾದರೂ ಕಣ್ಣೆದುರಿಗಿತ್ತು. ನಮ್ಮಂಥವರಿಗೆ ಉಳಿದಿರುವುದು ಒಣಗಿದ ಕುಂಚದ ಗೀರು ಮಾತ್ರ. ಯಾವುದು ಮೊದಲು, ಯಾವುದು ಆಮೇಲೆ, ಕೈ ಎಲ್ಲಿ ನಿಂತಿತು ಎಂಬುದನ್ನು ಅದರಿಂದಲೇ ಊಹಿಸಬೇಕು.

ಕೈ ನಿಂತದ್ದೇ ನನಗೆ ದಕ್ಕದ ಪಾಠ. ನಿಲುವಂಗಿಯನ್ನು ರೆಪಿನ್ ಅಗಲ ಗೀರುಗಳಲ್ಲಿ ಸಾಗಿಸಿಬಿಟ್ಟಿದ್ದಾನೆ. ನಾನು ನಿರಿಗೆ ನಿರಿಗೆಯನ್ನೂ ಬಿಡದೆ ಬರೆದೆ. ಈಗ ನನ್ನ ಚಿತ್ರದಲ್ಲಿ ಮೊದಲು ಕಾಣುವುದು ಬಟ್ಟೆ, ಆಮೇಲೆ ಮನುಷ್ಯ. ಗಡ್ಡದ ಕೂದಲುಗಳನ್ನೂ ಸಣ್ಣ ಕುಂಚದಲ್ಲಿ ಎಣಿಸಿದ್ದೆ. ಅವನ್ನು ನಿನ್ನೆ ಅಗಲದ ಕುಂಚದಿಂದ ಎಳೆದು ಕಲಸಿದೆ. ತುಸು ಉಸಿರು ಬಂದಿದೆ.

ಕಣ್ಣುಗಳಿಗೆ ಇನ್ನೂ ಕೈ ಹಾಕಿಲ್ಲ. ಅವು ನಮ್ಮನ್ನು ನೋಡುವುದಿಲ್ಲ, ಪಕ್ಕಕ್ಕೆ ಎಲ್ಲೋ ನೋಡುತ್ತವೆ. ರಟ್ಟಿನ ತೂತು ಅಲ್ಲಿಗೆ ಸಾಲದು.