ಲೇಸು ಹೆಣೆದವಳ ಹೆಸರು

ಹೆಂಗಸರಿಂದ ಸಂಗ್ರಹಿಸಿದ ಹಳೆಯ ಲೇಸು, ಕರವಸ್ತ್ರಗಳನ್ನು ಅಮೆರಿಕದ ಕಲಾವಿದೆ ಮಿರಿಯಮ್ ಶಪಿರೊ ತಮ್ಮ ಚಿತ್ರಗಳಲ್ಲಿ ಅಂಟಿಸಿದರು. ಹೆಣ್ಣುಮಕ್ಕಳು ಹೀಗೆ ಕೂಡಿಟ್ಟು ಜೋಡಿಸಿದ್ದಕ್ಕೆ 1970ರ ದಶಕದಲ್ಲಿ ಅವರೂ ಮೆಲಿಸ್ಸಾ ಮೇಯರ್ ಅವರೂ ‘ಫೆಮಾಜ್’ ಎಂದು ಹೆಸರಿಟ್ಟರು. ಅದೂ ಕಲೆಯೇ ಎಂಬ ಅವರ ವಾದವನ್ನು ನಾನು ಒಪ್ಪುತ್ತೇನೆ. ನನಗೆ ತೊಡಕೆನಿಸುವುದು ಸಹಿ. ಅದೇ ದಶಕದ ‘ಅನಾನಿಮಸ್ ವಾಸ್ ಎ ವುಮನ್’ ಮುದ್ರಣಚಿತ್ರಗಳಲ್ಲಿ ಲೇಸಿನ ಎಳೆ ಎಳೆಯೂ ಮೂಡಿದೆ. ಹೆಣೆದವಳ ಹೆಸರಿಲ್ಲ, ಶಪಿರೊ ಹೆಸರಿದೆ. ಆ ಹೆಸರುಗಳು ಮೊದಲೇ ಕಳೆದುಹೋಗಿದ್ದವು, ನಿಜ. ಶೀರ್ಷಿಕೆ ಆ ಕೊರತೆಯನ್ನು ಒಪ್ಪಿಕೊಳ್ಳುತ್ತದೆ, ತುಂಬುವುದಿಲ್ಲ.

ಅಜ್ಜಿಯ ಕ್ರೋಶಾ ಮೇಜುಹಾಸನ್ನು ಕತ್ತರಿಸಿ ಚೀಲ ಹೊಲಿಯಲು ಕೂತಾಗ ಇದೇ ಪ್ರಶ್ನೆ ನನ್ನ ಕೈ ತಡೆಯಿತು. ನಮ್ಮಜ್ಜಿಯ ಹೆಸರು ನನಗೆ ಗೊತ್ತಿತ್ತಲ್ಲ! ಚೀಲ ಹೊಲಿದೆ, ಒಳಗಿನ ಲೈನಿಂಗ್ ಮೇಲೆ ಅವರ ಹೆಸರನ್ನು ಕೆಂಪು ದಾರದಲ್ಲಿ ಬರೆದೆ.