ರೂಟರ್ ಕೈಪಿಡಿಗಳು ಹೇಳದೆ ಬಿಟ್ಟದ್ದು

ಮರಗೆಲಸದ ರೂಟರ್ ಎಂದರೆ ಅಂತರ್ಜಾಲದ ಪೆಟ್ಟಿಗೆಯಲ್ಲ. ಮಿನಿಟಿಗೆ ಸುಮಾರು 20,000 ಸುತ್ತು ತಿರುಗುವ ಬಿಟ್‌ನಿಂದ ಮರ ಕೊರೆಯುವ ಯಂತ್ರ. ಡ್ರಾಯರ್‌ನ ಮೂಲೆಗಳನ್ನು ಪಾರಿವಾಳದ ಬಾಲದ ಆಕಾರದಲ್ಲಿ ಜೋಡಿಸುವ ಡವ್‌ಟೇಲ್ ಕೆಲಸಕ್ಕೆ ಇದರೊಡನೆ ಬಾಚಣಿಗೆಯಂತಹ ಟೆಂಪ್ಲೇಟ್ ಬಳಸುತ್ತಾರೆ. ಅದರ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಒಂದು ಸೂತ್ರವಿರುತ್ತದೆ: ಜೋಡಣೆ ಸಡಿಲವಾದರೆ ಬಿಟ್ ಇಳಿಸಿ, ಬಿಗಿಯಾದರೆ ಏರಿಸಿ. ಸೂತ್ರವೇನೋ ಸರಿ, ಆದರೆ ಕಾರಣವನ್ನು ಹೇಳುವ ಕೈಪಿಡಿ ಅಪರೂಪ. ನನ್ನ ಆಕ್ಷೇಪ ಇರುವುದು ಇಲ್ಲಿಯೇ.

ಪಕ್ಕದ ಹಲಗೆಯನ್ನು ಲಂಬವಾಗಿ, ಮುಂದಿನದನ್ನು ಅಡ್ಡವಾಗಿ ಬಿಗಿದು ಎರಡನ್ನೂ ಒಟ್ಟಿಗೆ ಕೊರೆಯಲಾಗುತ್ತದೆ. ರೂಟರ್‌ನ ತಳದಲ್ಲಿರುವ ಬುಷ್ ಟೆಂಪ್ಲೇಟಿನ ಹಲ್ಲುಗಳಿಗೆ ತಾಗಿ ಸಾಗುವುದರಿಂದ ಬಿಟ್‌ನ ದಾರಿ ನಿಗದಿಯಾಗಿರುತ್ತದೆ. ಬಿಟ್ ತುದಿಯಲ್ಲಿ ಅಗಲ, ಮೇಲಕ್ಕೆ ಹೋದಂತೆ ಕಿರಿದು. 12.7 ಮಿ.ಮೀ. ವ್ಯಾಸದ, 14 ಡಿಗ್ರಿ ಓರೆಯ ಬಿಟ್ಟನ್ನೇ ತೆಗೆದುಕೊಳ್ಳಿ. ಅದನ್ನು ಇಳಿಸಿದರೆ ಅಡ್ಡ ಹಲಗೆಯ ಗೂಡಿನ ತಳದ ಅಗಲ ಬದಲಾಗದು. ಆದರೆ ಲಂಬ ಹಲಗೆಯ ಸೀಳುಗಳ ಬಾಯಿ ಕಿರಿದಾಗಿ, ನಡುವೆ ಉಳಿಯುವ ಬಾಲದ ತುದಿ ಅಗಲವಾಗುತ್ತದೆ. ಇಳಿಸಿದ ದೂರವನ್ನು 14 ಡಿಗ್ರಿಯ ಟ್ಯಾಂಜೆಂಟ್‌ನಿಂದ, ಅಂದರೆ 0.249ರಿಂದ, ಗುಣಿಸಿ, ಎರಡು ಬದಿಗಳಿಗಾಗಿ ದ್ವಿಗುಣಿಸಿ. 0.2 ಮಿ.ಮೀ. ಇಳಿಸಿದರೆ ಸುಮಾರು 0.1 ಮಿ.ಮೀ. ಬಿಗಿ! ಹತ್ತನೆಯ ತರಗತಿಯ ತ್ರಿಕೋನಮಿತಿ ಸಾಕು. ಕಾರಣ ತಿಳಿಯದವನು ನೇರ ಬಿಟ್ ಹಾಕಿದಾಗಲೂ ಅದನ್ನು ಇಳಿಸುತ್ತಾ ಕೂರುತ್ತಾನೆ. ಅಲ್ಲಿ ಆಳಕ್ಕೂ ಅಗಲಕ್ಕೂ ಸಂಬಂಧವೇ ಇಲ್ಲ.

ಇನ್ನೊಂದು ಮೌನ ಇದಕ್ಕಿಂತ ದುಬಾರಿ. ಬುಷ್‌ನ ಕೇಂದ್ರವೂ ಬಿಟ್‌ನ ಅಕ್ಷವೂ 0.2 ಮಿ.ಮೀ. ಬೇರೆಯಾಗಿವೆ ಎನ್ನೋಣ. ರೂಟರ್‌ನ ಹಿಡಿ ಆದ್ಯಂತ ಒಂದೇ ದಿಕ್ಕಿನಲ್ಲಿದ್ದರೆ ಸೀಳುಗಳೆಲ್ಲ ಒಂದೇ ಕಡೆಗೆ ಸರಿಯುತ್ತವೆ. ಹಲಗೆಗಳ ಅಂಚು ಕೊಂಚ ಹೊಂದದಿರಬಹುದು, ಜೋಡಣೆಯ ಬಿಗಿತ ಕೆಡದು. ಆದರೆ ಹಲ್ಲಿನ ಸಂದಿನ ಒಂದು ಬದಿಯನ್ನು ಕೊರೆದ ಮೇಲೆ ಕೈಗೆ ಅನುಕೂಲವೆಂದು ಯಂತ್ರವನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಂದು ಬದಿ ಕೊರೆದರೆ ಸೀಳಿನ ಅಗಲವೇ 0.4 ಮಿ.ಮೀ. ತಪ್ಪುತ್ತದೆ. ಮೊದಲನೆಯದು ಕ್ರಮಬದ್ಧ ದೋಷ. ಎರಡನೆಯದು ಅದೇ ದೋಷ, ಆದರೆ ಕೈ ತಿರುಗಿದಂತೆಲ್ಲ ಬದಲಾಗಿ ಯಾದೃಚ್ಛಿಕದಂತೆ ಕಾಣುವಂಥದು. ಪ್ರಯೋಗಶಾಲೆಯಲ್ಲಿ ನಾವು ಈ ವ್ಯತ್ಯಾಸವನ್ನು ಪಾಠ ಒಪ್ಪಿಸುವಂತೆ ಹೇಳಿಸುತ್ತೇವೆ. ಕಣ್ಣಿಗೆ ಕಾಣುವ ಇಂಥ ಉದಾಹರಣೆ ಕೊಡುವುದು ಕಡಿಮೆ.

ಬದಲಿಗೆ ಎಲ್ಲರೂ ಕೊಂಡಾಡುವುದು ಆಳದ ಸ್ಕ್ರೂವಿನ ಸೂಕ್ಷ್ಮ ಗೆರೆಗಳನ್ನು. ಗೆರೆ 0.1 ಮಿ.ಮೀ. ತೋರಿಸೀತು, ಮರ ಕೇಳಬೇಕಲ್ಲ? ವಾರ್ಷಿಕ ಉಂಗುರಗಳ ಉದ್ದಕ್ಕೆ ಸೀಳಿದ ತೇಗದ ಹಲಗೆಯ ಅಗಲ, ತೇವಾಂಶ ಶೇಕಡಾ 1ರಷ್ಟು ಇಳಿದರೆ, ಸುಮಾರು ಶೇಕಡಾ 0.2ರಷ್ಟು ಕುಗ್ಗುತ್ತದೆ. ಜೋಡಿಯ ಒಂದು ಹಲಗೆ ಶೇಕಡಾ 2ರಷ್ಟು ಹೆಚ್ಚು ಹಸಿಯಾಗಿದ್ದು ಕೊರೆದ ಮೇಲೆ ಒಣಗಿತೆಂದರೆ, 100 ಮಿ.ಮೀ. ಅಗಲದಲ್ಲಿ 0.4 ಮಿ.ಮೀ. ವ್ಯತ್ಯಾಸ. ಸ್ಕ್ರೂವನ್ನು ಎಷ್ಟು ತಿರುಗಿಸಿದರೂ ಇದು ಸರಿಹೋಗದು. ಎರಡೂ ಹಲಗೆಗಳನ್ನು ಒಂದೇ ಕೋಣೆಯಲ್ಲಿ ಕೆಲವು ವಾರ ಇಡಿ, ಪರೀಕ್ಷೆಯ ತುಂಡನ್ನು ಅದೇ ಹಲಗೆಯಿಂದ ಕತ್ತರಿಸಿ ಎಂದು ಹೇಳಲು ಕೈಪಿಡಿಯಲ್ಲಿ ಎರಡು ಸಾಲು ಜಾಗ ಸಾಕಿತ್ತು.